ಬಿಲದ ಬಾಯಿಯ ನೂಲು

ಹಳೇಬೀಡಿನ ಬಸದಿಗಳ ಹಿಂದೆ ಪದ್ಮಲತಾ ಅವರ ರಾಗಿ ಹೊಲವಿದೆ. ಅದರ ಮಣ್ಣಿನ ಏರಿಯಲ್ಲಿ ಹೆಬ್ಬೆರಳಗಲದ ಬಿಲಗಳು, ಒಳಗೆ ಅಪರೂಪದ ನೆಲಜೇಡಗಳು. ಐದು ವರ್ಷ ಆ ಏರಿಯನ್ನು ಅಗೆಯುವುದಿಲ್ಲ, ಸುಡುವುದಿಲ್ಲ ಎಂದು ಅವರು ವನ್ಯಜೀವಿ ಸಂಘದೊಡನೆ ಒಪ್ಪಂದ ಮಾಡಿಕೊಂಡಿದ್ದರು. ಮೊದಲ ವರ್ಷ ಹನ್ನೊಂದು ಜೇಡಗಳಿದ್ದವು. ಈ ಸಲ ನಾಲ್ಕೇ.

“ಅಮ್ಮಾ, ಇಲ್ಲಿ ಯಾರಾದ್ರೂ ಗುಡಿಸ್ತಾರಾ?” ಎಣಿಸಲು ಬಂದಿದ್ದ ಸಂಘದ ಹೇಮಾಶ್ರೀ ಕೇಳಿದಳು.

“ನಾನೇ. ದಿನಾ ಬಸದಿಗೆ ಹೋಗೋ ದಾರಿ. ಇರುವೆ ಕಾಲಿಗೆ ಸಿಗಬಾರ್ದಲ್ಲ.”

ಹೇಮಾಶ್ರೀ ಬಿಲದ ಬಾಯಿಯ ನೂಲನ್ನು ತೋರಿಸಿದಳು. ಆ ನೂಲು ಅಲುಗಿದರೇ ಊಟ ಬಂದದ್ದು ಜೇಡಕ್ಕೆ ತಿಳಿಯುವುದು. ಪೊರಕೆ ಅದನ್ನು ದಿನವೂ ಒರೆಸಿಹಾಕುತ್ತಿತ್ತು.

“ಇರುವೆ ಉಳಿಸೋಕೆ ಹೋಗಿ ಇದನ್ನ ಉಪವಾಸ ಕೆಡವಿದೆನಲ್ಲೇ,” ಎಂದರು ಪದ್ಮಲತಾ.

ಮರುದಿನ ಅವರು ಏರಿಯನ್ನು ಬಿಟ್ಟು, ಕೆಳಗಿನ ಭತ್ತದ ಗದ್ದೆಯ ಕೆಸರಿನಲ್ಲಿ ಬಳಸಿಕೊಂಡು ಬಸದಿಗೆ ಹೊರಟರು.

“ಏನ್ ಅಮ್ಮಾವ್ರೇ, ಜೇಡಕ್ಕೆ ರಸ್ತೆ ಬರ್ಕೊಟ್ರಾ? ಸೀರೆಯೆಲ್ಲಾ ಕೆಸರಾಗೈತೆ,” ಪಕ್ಕದ ಹೊಲದ ಲಕ್ಕಪ್ಪ ನಕ್ಕ.

“ಒಗೆದ್ರೆ ಹೋಗುತ್ತೆ ಕಣಪ್ಪ.”

ಬೆಳಗಿನ ಮಂಜಿನಲ್ಲಿ ಏರಿ ನೆಲಬಿಟ್ಟು ತೇಲುತ್ತಿರುವಂತೆ ಕಂಡಿತು. ಅಲ್ಲಿ ನೂಲಿನಂಥದ್ದೇನೋ ಸಣ್ಣಗೆ ಮಿನುಗಿತು. ಹತ್ತಿರ ಹೋಗಿ ನೋಡಬೇಕೆಂದು ಅವರಿಗೆ ಬಹಳ ಆಸೆಯಾಯಿತು. ಹೋಗಲಿಲ್ಲ.