ಗುಳಿಗೆ ನಿಲ್ಲಿಸಿದ ನವರಾತ್ರಿ

ಆ ಬೆಳಿಗ್ಗೆ ದೀಪಕ್ಕೆ ಎಣ್ಣೆ ಹಾಕುವಾಗ ನನ್ನ ಕೈ ನಡುಗಿತು ಎಂದು ಮೊದಲು ಬರೆದಿದ್ದೆ. ಹೊಡೆದುಹಾಕಿದೆ. ನಡುಗಿರಲಿಲ್ಲ. ನಡುಗಿದ್ದರೆ ಚೆನ್ನಾಗಿರುತ್ತಿತ್ತು ಎಂದು ಆಮೇಲೆ ಅನ್ನಿಸಿತು, ಅಷ್ಟೆ. ನೆನಪು ಹೇಳದೆ ಕೇಳದೆ ನನಗೆ ಪೌಡರ್ ಹಚ್ಚುತ್ತದೆ. ಅದಕ್ಕೇ ಗೊತ್ತಿರುವಷ್ಟನ್ನು ಮೊದಲು ಹೇಳಿಬಿಡುತ್ತೇನೆ.

ನನಗೆ ಪಿಸಿಓಎಸ್ ಇದೆ. ತಿಂಗಳುಗಟ್ಟಲೆ ಮುಟ್ಟು ಬರುವುದಿಲ್ಲ. ತಲೆಯ ಕೂದಲು ಉದುರುತ್ತದೆ, ಗದ್ದದ ಮೇಲೆ ಬೇಡದ ಕೂದಲು ಬರುತ್ತದೆ. ಬೆಳಗಾವಿಯ ಶಿವಬಸವ ನಗರದಲ್ಲಿ ನಾನೂ ಅವ್ವನೂ ಬಾಡಿಗೆಗಿರುವ ಮಹಡಿಯ ಮನೆಯಲ್ಲಿ ಇದನ್ನು 'ನಿಂದು ಅದು' ಎನ್ನುತ್ತೇವೆ. ಖಾನಾಪುರದಲ್ಲಿರುವ ಅವ್ವನ ಅಕ್ಕ, ನನ್ನ ದೊಡ್ಡವ್ವ, ಇದಕ್ಕೆ ಹೆಸರನ್ನೇ ಇಟ್ಟಿರಲಿಲ್ಲ. ಅವಳ ಪಾಲಿಗೆ ಇದು ರೋಗವೇ ಆಗಿರಲಿಲ್ಲ. ಅನುಕೂಲವಾಗಿತ್ತು.

ದೊಡ್ಡವ್ವನ ಮನೆಯಲ್ಲಿ ನವರಾತ್ರಿಗೆ ಘಟ ಕೂಡಿಸುತ್ತಾರೆ. ಮಣ್ಣಿನ ಮೇಲೆ ಗಡಿಗೆ, ಸುತ್ತ ಬಿತ್ತಿದ ಗೋಧಿ, ಬಾಜೂಕೆ ಒಂದು ದೀಪ. ದಸರೆಯ ತನಕ ಆ ದೀಪ ಆರಬಾರದು. ಎಣ್ಣೆ ಹಾಕುವವಳು ಮಡಿಯಲ್ಲಿರಬೇಕು, ಮುಟ್ಟಾದವಳು ಹಿತ್ತಲ ಪಡಸಾಲೆಯಲ್ಲಿ ಕೂಡಬೇಕು. ದೊಡ್ಡವ್ವನ ಮೊಣಕಾಲು ಹೋಗಿವೆ, ನೆಲಕ್ಕೆ ಕೂತರೆ ಏಳಿಸಲು ಇಬ್ಬರು ಬೇಕು. ಅವಳ ಸೊಸೆ, ಪಾರಿಶ್ವಾಡದಿಂದ ಮದುವೆಯಾಗಿ ಬಂದ ನನ್ನ ವೈನಿ, ತಿಂಗಳಿಗೆ ಸರಿಯಾಗಿ ಹೊರಗಾಗುವವಳು. ಒಂದು ವರ್ಷ ಘಟ ಕೂಡಿಸಿದ ಮರುದಿನವೇ ಆದಳು. ಆಗ ದೊಡ್ಡವ್ವನಿಗೆ ನಾನು ನೆನಪಾದೆ.

"ಈಕಿಗೆ ಆಗೂದ ಇಲ್ಲ. ದೇವಿ ತನ್ನ ಕೆಲಸಕ್ಕಂತ ತಗದಿಟ್ಟಾಳ," ಎಂದು ಬಂದವರ ಮುಂದೆಲ್ಲ ಹೇಳಿದಳು.

ಅಂದಿನಿಂದ ಪ್ರತಿ ನವರಾತ್ರಿಗೆ ನಾನು ಖಾನಾಪುರದಲ್ಲಿ. ಬೆಳಿಗ್ಗೆ ತಲೆಗೆ ಸ್ನಾನ ಮಾಡಿ ಎಣ್ಣೆ ಹಾಕಿ, ಬಸ್ ಹಿಡಿದು ಬೆಳಗಾವಿಯ ಕಚೇರಿಗೆ ಹೋಗುವುದು. ಸಂಜೆ ಬಂದು ಮತ್ತೆ ಸ್ನಾನ, ಮತ್ತೆ ಎಣ್ಣೆ. ನನಗೆ ಇದು ಹಿಡಿಸಿತ್ತು. ಮದುವೆ ಮನೆಗಳಲ್ಲಿ ಗದ್ದ ಮುಚ್ಚಿಕೊಳ್ಳುವಂತೆ ಸೆರಗು ಹಿಡಿದು ಓಡಾಡುವವಳಿಗೆ, 'ನೀ ಬಂದ್ರ ನನಗ ಚಿಂತಿಲ್ಲ' ಎನ್ನುವ ಒಂದು ಮನೆ ಇತ್ತು. ಅಲ್ಲಿ ನನ್ನ ಕೊರತೆಗೆ ಕೆಲಸವಿತ್ತು.

ಔಷಧಗಳನ್ನು ಯಾವ ಕ್ರಮದಲ್ಲಿ ತಗೊಂಡೆ ಎಂದು ಕೇಳಿದರೆ ತಪ್ಪು ಹೇಳುತ್ತೇನೆ. ಒಂದು ಇನ್ನೊಂದರೊಳಗೆ ಕಲಸಿಹೋಗಿದೆ. ಗರ್ಭನಿರೋಧಕ ಗುಳಿಗೆ ಮೊದಲಿರಬೇಕು, ಯಾಕೆಂದರೆ ಅವ್ವ ಅದನ್ನು ಸಕ್ಕರೆ ಡಬ್ಬಿಯ ಹಿಂದೆ ಬಚ್ಚಿಟ್ಟದ್ದು ಈ ಮನೆಗೆ ಬರುವ ಮೊದಲಿದ್ದ ಮನೆಯ ಅಡುಗೆಮನೆಯಲ್ಲಿ. "ಮದುವೀನ ಆಗಿಲ್ಲ, ಮಂದಿ ನೋಡಿದ್ರ ಏನಂತ ಹೇಳ್ಲಿ?" ಎಂದು ಪಿಸುಗುಟ್ಟಿದ್ದಳು, ಮನೆಯಲ್ಲಿ ನಾವಿಬ್ಬರೇ ಇದ್ದಾಗಲೂ. ಆ ಗುಳಿಗೆಯಿಂದ ಮುಟ್ಟು ತಾರೀಖಿಗೆ ಸರಿಯಾಗಿ ಬರತೊಡಗಿತು, ಮುಖದ ಮೊಡವೆ ಇಳಿದವು. ಬೆಳಿಗ್ಗೆ ವಾಕರಿಕೆ. ಕಾರಣವಿಲ್ಲದೆ ಸಿಟ್ಟು. ಆ ವರ್ಷ ನವರಾತ್ರಿ ಬರುವ ಮೊದಲೇ ಒಂದು ದಿನ ಕಣ್ಣಂಚಿನಲ್ಲಿ ಹಲ್ಲುಹಲ್ಲಾದ ಬೆಳಕು ಕಾಣಿಸಿ, ಅದರ ಬೆನ್ನಿಗೆ ಅರ್ಧ ತಲೆ ಸಿಡಿಯಿತು. ಡಾಕ್ಟರಿಗೆ ಹೇಳಿದೆ. ಅವರು ಪೆನ್ನು ಕೆಳಗಿಟ್ಟರು. "ಇದನ್ನ ಮೊದಲ ಹೇಳಬೇಕಿತ್ತಲ್ರೀ. ಹಿಂಗ ಬೆಳಕ ಕಾಣೂ ತಲಿನೋವು ಇದ್ದವರಿಗೆ ಈ ಗುಳಿಗಿ ಕೊಡೂದಿಲ್ಲ, ರಕ್ತ ಹೆಪ್ಪುಗಟ್ಟೂ ಅಪಾಯ ಇರತದ." ಆ ಗುಳಿಗೆ ನಿಂತಿತು.

ಮೆಟ್‌ಫಾರ್ಮಿನ್ ತಗೊಂಡಾಗ ಬಾಯಲ್ಲಿ ಕಬ್ಬಿಣ ನೆಕ್ಕಿದ ರುಚಿ, ಹೊಟ್ಟೆಯಲ್ಲಿ ಗುಡುಗು. ಖಾನಾಪುರದ ಬಸ್ಸಿನಿಂದ ದಾರಿಯ ಮಚ್ಛೆ ಊರಿನ ಹತ್ತಿರ ಇಳಿದು ಗುರುತಿಲ್ಲದವರ ಮನೆಯ ಕಕ್ಕಸಿಗೆ ಓಡಿದ್ದೇನೆ. ಮರುದಿನ ಕಂಡಕ್ಟರ್ ಕೇಳಿದ, "ಅಕ್ಕಾರ, ಇವತ್ತ ಪೂರ್ತಿ ಟಿಕೆಟೋ, ಮಚ್ಛೆತನಕನೋ?" ಊಟದ ನಡುವೆ ತಗೊಳ್ಳಿ, ನಿಧಾನ ಏರಿಸೋಣ ಎಂದರು ಡಾಕ್ಟರು. ಏರಿಸಿದೆವು, ಹೊಟ್ಟೆ ಹೊಂದಿಕೊಂಡಿತು. ಗದ್ದದ ಕೂದಲಿಗೆಂದು ಕೊಟ್ಟ ಇನ್ನೊಂದು ಗುಳಿಗೆಯಿಂದ ಗಳಿಗೆಗೊಮ್ಮೆ ಮೂತ್ರ, ಎದ್ದು ನಿಂತರೆ ಕಣ್ಣು ಕತ್ತಲೆ. ಬಿಟ್ಟೆ. ಮತ್ತೆ ದಾರದಿಂದ ಕೂದಲು ಕೀಳಿಸಿಕೊಳ್ಳುವುದಕ್ಕೇ ಬಂದೆ. ತೂಕ ಇಳಿಸಿ ಎಂದು ಎಲ್ಲರೂ ಹೇಳಿದರು, ತೂಕ ಏರಿಸಿದ್ದು ಈ ರೋಗವೇ ಎಂದು ಯಾರೂ ಹೇಳಲಿಲ್ಲ. ಇಲ್ಲ, ಡಾಕ್ಟರು ಹೇಳಿದ್ದರು. ನನಗೆ ಸಿಟ್ಟಾಗಿರುವುದು ಬೇಕಿತ್ತು, ಅದಕ್ಕೆ ಮರೆತಿದ್ದೇನೆ.

ಈ ಸಲದ್ದು ಬೇರೆ. ಮುಟ್ಟು ನಿಂತು ಬಹಳ ತಿಂಗಳಾಗಿತ್ತು. ಸ್ಕ್ಯಾನಿಂಗ್ ನೋಡಿ ಡಾಕ್ಟರು ಹೇಳಿದರು: "ಗರ್ಭಚೀಲದ ಒಳಪದರ ದಪ್ಪ ಆಗೇದ. ಹೊರಗ ಹೋಗಬೇಕಾದ್ದು ಒಳಗ ಕೂಡ್ಲಿಕ್ಕತ್ತದ. ವರ್ಷಗಟ್ಟಲೆ ಹಂಗ ಬಿಟ್ರ ಮುಂದ ಕೆಟ್ಟದ್ದಕ್ಕ ತಿರುಗಬಹುದು. ಈ ಗುಳಿಗಿ ಹೇಳಿದಷ್ಟು ದಿವಸ ತಗೊಂಡು ನಿಲ್ಲಸ್ರಿ. ನಿಲ್ಲಿಸಿದ ಮ್ಯಾಲ ಒಂದ ವಾರದಾಗ, ಅದರ ಆಚೀಚೆ, ಬರಬೇಕು."

"ಬರಲಿಲ್ಲಂದ್ರ?"

"ಒಳಗಿಂದು ಚೂರು ತಗದು ಪರೀಕ್ಷಾಕ್ಕ ಕಳಸೂಣು."

ನಾನು ಬರುವಾಗ ಆಟೋದಲ್ಲಿ ಎಣಿಸಿದೆ. ಗುಳಿಗೆ ಮುಗಿಯುವುದು ಘಟ ಕೂಡಿಸುವ ದಿನ. ಅಂದರೆ ಮುಟ್ಟು ಬಂದರೆ ನವರಾತ್ರಿಯೊಳಗೇ.

ಹೋಗಬಾರದಿತ್ತು. ಅವ್ವ ಹೇಳಿದಳು, "ಈ ವರ್ಷ ಬ್ಯಾಡ ಅಂತ ನಾ ಅಕ್ಕಗ ತಿಳಿಸಿ ಹೇಳ್ತೀನಿ." ಆದರೂ ಹೋದೆ. ಯಾಕೆ ಎಂಬುದಕ್ಕೆ ನನ್ನ ಹತ್ತಿರ ಹಲವು ಉತ್ತರಗಳಿವೆ, ಒಂದೂ ನಂಬುವಂತಿಲ್ಲ. ಗುಳಿಗೆಯಿಂದ ಎದೆ ನೋಯುತ್ತಿತ್ತು, ಹೊಟ್ಟೆ ಉಬ್ಬಿತ್ತು, ಕಚೇರಿಯ ಕುರ್ಚಿಯಲ್ಲಿ ಕೂತಲ್ಲಿ ಕೂಡಲಾಗುತ್ತಿರಲಿಲ್ಲ. ಎಲ್ಲಿಗಾದರೂ ಹೋಗಬೇಕಿತ್ತು.

ಖಾನಾಪುರದಲ್ಲಿ ಚೀಲದಿಂದ ಗುಳಿಗೆ ತೆಗೆದಾಗ ಕಾಯಿಪಲ್ಯೆ ಹೆಚ್ಚುತ್ತಿದ್ದ ವೈನಿ ಕತ್ತು ಚಾಚಿದಳು.

"ಅಯ್ಯ, ಇವು ಮುಟ್ಟು ಮುಂದ ಹಾಕೂ ಗುಳಿಗಿ ಅಲ್ಲೇನ್ರಿ?"

"ಬರಸೂ ಗುಳಿಗಿ ವೈನಿ."

"ಸುಮ್ನಿರ್ರಿ. ನೀವು ಬರೂಕಿಂತ ಮೊದಲ ನವರಾತ್ರಿ, ಮದುವಿ, ಮುಂಜಿ ಬಂದ್ರ ಸಾಕು, ನನಗ ಇವನ್ನ ನುಂಗಸ್ತಿದ್ರು. ಮೆಡಿಕಲ್ ಅಂಗಡ್ಯಾಂವ ಏನಂತ ಕೇಳೂದ ಇಲ್ಲ, ಶೇಂಗಾ ಕೊಟ್ಟಂಗ ಕೊಡ್ತಾನ. ಹೊಟ್ಟಿ ಗಡಿಗಿ ಆಗ್ತಿತ್ತು. ಆಮ್ಯಾಲ ಬಂದ್ರ, ಬಂದದ್ದ ಬಂದದ್ದು."

ನಾನು ವಿವರಿಸಿದೆ. ಗುಳಿಗೆ ಒಂದೇ. ನುಂಗುವಷ್ಟು ದಿನ ತಡೆಯುತ್ತದೆ, ಬಿಟ್ಟ ಮೇಲೆ ಬರುತ್ತದೆ. ಅವಳಿಗೆ ತಡೆಯಲು, ನನಗೆ ತರಿಸಲು.

ವೈನಿ ನಕ್ಕಳು. "ಅಂದ್ರ ನಿಮ್ಮ ರೋಗ ನನಗ ಪುಣ್ಯ ಆಗಿತ್ತು. ನೀವು ಬರಾಕ ಹತ್ತಿದ ಮ್ಯಾಲ ನವರಾತ್ರಿಗರೇ ನನಗ ಗುಳಿಗಿ ತಪ್ಪಿತ್ತು."

ಬಾಗಿಲಲ್ಲಿ ಕುರ್ಚಿ ಹಾಕಿಕೊಂಡಿದ್ದ ದೊಡ್ಡವ್ವ ಎಲ್ಲ ಕೇಳಿಸಿಕೊಂಡಿದ್ದಳು. "ನುಂಗಿದಷ್ಟು ದಿನ ಬರೂದಿಲ್ಲ ಅಂದ್ಯಲ್ಲ? ಹಂಗಾರ ದಸರಾ ಮುಗಿಯೂತನಾ ನುಂಗ, ನನ್ನವ್ವಾ. ಆಮ್ಯಾಲ ಬರ್ಲಿ, ಹತ್ತ ದಿನಾ ಬರ್ಲಿ, ಬ್ಯಾಡ ಅನ್ನಾಂವ್ರ ಯಾರು?"

ಇಲ್ಲಿ ನಾನು ದಪ್ಪಗಾದ ಪದರದ ಬಗ್ಗೆ, ಚೂರು ತೆಗೆಯುವುದರ ಬಗ್ಗೆ ದೀರ್ಘವಾಗಿ ಮಾತಾಡಿದೆ ಎಂದು ಗೆಳತಿಯೊಬ್ಬಳಿಗೆ ಹೇಳಿದ್ದೇನೆ. ಸುಳ್ಳು. ಆ ಮಾತನ್ನು ಕಟ್ಟಿದ್ದು ಬಸ್ಸಿನಲ್ಲಿ, ಮರುದಿನ. ಅಲ್ಲಿ ನಾನು ಅಂದದ್ದು "ನೋಡೂಣು" ಎಂದಷ್ಟೆ. ಡಾಕ್ಟರು ಹೇಳಿದ ದಿನಗಳು ಮುಗಿದರೂ ಸ್ಟ್ರಿಪ್ಪಿನಲ್ಲಿ ಇನ್ನೂ ಗುಳಿಗೆ ಉಳಿದಿದ್ದವು. ಡಾಕ್ಟರಿಗೆ ಫೋನ್ ಹಚ್ಚಿ ಕೇಳಬಹುದಿತ್ತು. ಕೇಳಲಿಲ್ಲ. ದಸರೆಯ ತನಕ ತಗೊಂಡರೆ ಏನೂ ಆಗುವುದಿಲ್ಲ ಎಂದು ಅವರು ಅಂದುಬಿಟ್ಟಿದ್ದರೆ ನಾನು ತಗೊಳ್ಳುತ್ತಿದ್ದೆ, ಅದು ನನಗೆ ಗೊತ್ತಿತ್ತು. ಮುಂದಿನ ವರ್ಷವೂ ತಗೊಳ್ಳುತ್ತಿದ್ದೆ. ಉಳಿದ ಗುಳಿಗೆಯನ್ನು ಕಚೇರಿಯ ಡ್ರಾಯರಿನಲ್ಲಿ ಹಾಕಿ ಬಂದೆ.

ಆಮೇಲೆ ಕಾಯುವುದು. ಕಚೇರಿಯಲ್ಲಿ ಗಳಿಗೆಗೊಮ್ಮೆ ಎದ್ದು ಬಚ್ಚಲಿಗೆ ಹೋಗಿ ನೋಡುತ್ತಿದ್ದೆ. ಏನೂ ಇಲ್ಲ. ಗೋಧಿ ಸಸಿ ಎದ್ದವು, ಬಿಳಿಚಿಕೊಂಡು, ಬಾಗಿಕೊಂಡು. ಅಷ್ಟರಲ್ಲಿ ವೈನಿ ಹೊರಗಾಗಿ ಪಡಸಾಲೆ ಸೇರಿದಳು. ದೊಡ್ಡವ್ವ ಅವಳಿಗೂ ತಡೆಯುವ ಗುಳಿಗೆ ತರಿಸುತ್ತೇನೆಂದು ಮೊದಲೇ ಹೇಳಿದ್ದಳು, ಈ ಸಲ ವೈನಿ ಒಲ್ಲೆ ಎಂದಿದ್ದಳು. ಹಾಗಾಗಿ ದೀಪಕ್ಕೆ ಉಳಿದವಳು ನಾನೊಬ್ಬಳೇ. ಎಣ್ಣೆ ಹಾಕುವಾಗ ಬೆನ್ನ ಹಿಂದೆ ಕುರ್ಚಿಯಿಂದ ದೊಡ್ಡವ್ವನ ದನಿ: "ತಾಯಿ, ತಡಿ. ದಸರಾತನಕ ತಡಿ." ನಾನು ಒಳಗೊಳಗೆ ಬರಲಿ, ಬರಲಿ ಎನ್ನುತ್ತಿದ್ದೆ. ಒಂದೇ ದೀಪದ ಮುಂದೆ ಇಬ್ಬರೂ. ಹೊಟ್ಟೆ ಸುಮ್ಮನಿತ್ತು. ಚೂರು ತೆಗೆಯುವ ಕತ್ತರಿ ಎಷ್ಟು ದೊಡ್ಡದಿರುತ್ತದೆ ಎಂದು ಬಸ್ಸಿನಲ್ಲಿ ಕಲ್ಪಿಸಿಕೊಳ್ಳುತ್ತಿದ್ದೆ, ಮಚ್ಛೆ ಬಂದದ್ದೂ ಹೋದದ್ದೂ ತಿಳಿಯುತ್ತಿರಲಿಲ್ಲ.

ಅಷ್ಟಮಿಯ ಬೆಳಿಗ್ಗೆ ಎಣ್ಣೆ ಗಿಂಡಿ ಹಿಡಿದು ಬಾಗಿದಾಗ ಸೊಂಟದಲ್ಲಿ ಏನೋ ಬಿಚ್ಚಿಕೊಂಡಂತಾಯಿತು. ತೊಡೆಯ ಮೇಲೆ ಬೆಚ್ಚಗೆ. ಎಣ್ಣೆ ಆಗಲೇ ಹಾಕಿದ್ದೆನೋ ಇಲ್ಲವೋ. ಹಾಕಿದ್ದೆ ಎನ್ನುತ್ತಾಳೆ ದೊಡ್ಡವ್ವ, ಹಾಕಿರಲಿಲ್ಲ ಎನ್ನುತ್ತಾಳೆ ಹಿತ್ತಲಲ್ಲಿದ್ದು ಏನೂ ನೋಡದ ವೈನಿ. ಗಿಂಡಿ ನೆಲಕ್ಕಿಟ್ಟು ಹಿಂದೆ ಸರಿದದ್ದು ಮಾತ್ರ ಖರೇ.

"ದೊಡ್ಡವ್ವಾ, ಬಂತು."

ಅವಳು ಗಿಂಡಿ ನೋಡಿದಳು, ನನ್ನನ್ನು ನೋಡಿದಳು. "ಇವತ್ತ ಬರಬೇಕಿತ್ತೇನು?" ಎಂದಳು. ಆಮೇಲೆ ಬೇರೆ ದನಿಯಲ್ಲಿ, "ಭಾಳ ಐತೇನ?"

"ಭಾಳ ಐತಿ."

ಅವಳು ಮಗನನ್ನು ಕೂಗಿದಳು. ಹಲ್ಲುಜ್ಜುತ್ತಿದ್ದ ಅಣ್ಣ ನೊರೆಬಾಯಲ್ಲೇ ಬಂದ. "ಲಗೂ ಸ್ನಾನಾ ಮಾಡಿ ಬಾ. ದೀಪಕ್ಕ ಎಣ್ಣಿ ಹಾಕಬೇಕು."

"ನಾನಾ?"

"ಮತ್ತ ಯಾರು, ಗ್ವಾಡಿ ಮ್ಯಾಲಿನ ಹಲ್ಲಿ ಹಾಕತೈತೇನು?"

ಹಿತ್ತಲಿನಿಂದ ವೈನಿಯ ದನಿ ಬಂತು: "ಅವರಿಗ ಗುಳಿಗಿ ಗಿಳಿಗಿ ಬ್ಯಾಡೇನ್ರಿ ಅತ್ತಿ?"

ಇಷ್ಟು ವರ್ಷ ಆ ಮನೆಯಲ್ಲಿ ಅಣ್ಣ ಇದ್ದ. ಸ್ನಾನವನ್ನೂ ಮಾಡುತ್ತಿದ್ದ. ಅವನ ಕೈಗೆ ಗಿಂಡಿ ಕೊಡಬಹುದೆಂದು ದೊಡ್ಡವ್ವನಿಗೂ ಹೊಳೆದಿರಲಿಲ್ಲ, ನನಗೂ ಹೊಳೆದಿರಲಿಲ್ಲ.

ಪಡಸಾಲೆಯಲ್ಲಿ ವೈನಿ ಚಾಪೆ ಸರಿಸಿದಳು. "ಬರ್ರಿ, ಕುಂದರ್ರಿ. ನಿಮಗಂತ ಜಾಗಾ ಹಿಡಿದಿದ್ನಿ." ಕೂತೆ, ಎದ್ದೆ. ಸೊಂಟ ಮುರಿಯುವ ನೋವು, ಗಡ್ಡೆಗಡ್ಡೆಯಾಗಿ ರಕ್ತ. ಡಾಕ್ಟರಿಗೆ ಫೋನ್ ಮಾಡಿದೆ. ಬಂತಲ್ಲ, ಚಲೋ ಆತು ಎಂದರು. ತಾಸಿಗೊಂದು ಪ್ಯಾಡು ತುಂಬಿ ಹೋಗತೊಡಗಿದರೆ ತಕ್ಷಣ ಬರ್ರಿ ಎಂದರು. ಇದು ನಿಂತ ಮೇಲೆ ಪದರ ಎಷ್ಟು ಇಳಿದಿದೆ ಎಂದು ಮತ್ತೆ ನೋಡಬೇಕು. ತಾನಾಗಿ ಬರದಿದ್ದರೆ ಕೆಲವು ತಿಂಗಳಿಗೊಮ್ಮೆ ಇದೇ ಗುಳಿಗೆ, ಇದೇ ಎದೆನೋವು, ಇದೇ ಕಾಯುವುದು. ಮುಗಿಯಿತು ಎನ್ನುವಂಥದ್ದಲ್ಲ.

ಆ ಗಳಿಗೆಯನ್ನು ನೆನೆದಾಗ ನಾನು ನಗುತ್ತಿರುವಂತೆ ಕಾಣುತ್ತದೆ. ನಿಜಕ್ಕೂ ಮೂಲೆಯಲ್ಲಿ ವಾಂತಿ ಮಾಡುತ್ತಿದ್ದೆ ಎಂದು ವೈನಿ ಹೇಳುತ್ತಾಳೆ. ಅವಳನ್ನೇ ನಂಬುತ್ತೇನೆ.

"ದೀಪ ಐತೇನ್ರಿ?" ಎಂದು ಕೇಳಿದೆ. ಅಲ್ಲಿಂದ ಕಾಣುವುದಿಲ್ಲ.

ವೈನಿ ಕಿವಿಗೊಟ್ಟಳು. ಒಳಗೆ ದೊಡ್ಡವ್ವ ಬೈಯುತ್ತಿದ್ದಳು: "ಸಾಕೋ, ಸಾಕು! ಘಟಾ ತೇಲಿ ಹೋದೀತು."

"ಐತಿ," ಎಂದಳು ವೈನಿ.

ನಾನು ಮತ್ತೆ ಎದ್ದು ಹಿತ್ತಲಲ್ಲಿ ಅತ್ತಿಂದಿತ್ತ ನಡೆಯತೊಡಗಿದೆ. ದೊಡ್ಡವ್ವ ಗೋಡೆ ಹಿಡಿದು ಬಾಗಿಲತನಕ ಬಂದು, ಅಜವಾನ ಕುದಿಸಿದ ನೀರಿನ ಲೋಟವನ್ನು ನನಗೆ ತಾಗದಂತೆ ಹೊಸ್ತಿಲ ಮೇಲಿಟ್ಟಳು.

"ಕುಂದರವಾ ಒಂದ ಕಡೆ," ಎಂದಳು. "ಕುಡಿ. ಬಿಸಿ ಐತಿ."