ಕುರ್ಚಿ ಅಕ್ಕೋರ ಅಳತೆ

ಸ್ಕೂಟಿಯ ಹಿಂದಿನ ಸೀಟಿನ ಮೇಲೆ ಕೈಯಿಲ್ಲದ ಕಟ್ಟಿಗೆಯ ಕುರ್ಚಿಯೊಂದನ್ನು ಕೂರಿಸಿ, ಹಳೇ ಸೀರೆಯ ಅಂಚಿನಿಂದ ಅದನ್ನು ತಮ್ಮ ಸೊಂಟಕ್ಕೆ ಬಿಗಿದುಕೊಂಡು, ಹುಮನಾಬಾದಿನಿಂದ ಬಸವಕಲ್ಯಾಣದ ನಮ್ಮ ಓಣಿಯತನಕ ಬರುತ್ತಿದ್ದ ಹೆಂಗಸೊಬ್ಬರಿದ್ದರು ಎಂದರೆ ನೀವು ನಂಬುವುದಿಲ್ಲ. ನಂಬಲೂಬೇಡಿ. ನನ್ನ ಮಾತು ನಂಬಿ ಕೆಟ್ಟವರು ಈ ಊರಿನಲ್ಲಿ ಓಣಿಗೊಬ್ಬರು ಸಿಗುತ್ತಾರೆ. ಮದುವೆ ಮನೆಗಳಿಗೆ ಮೈಕ್ ಸೆಟ್ ಬಾಡಿಗೆ ಕೊಟ್ಟು ಬದುಕಿದವನು ನಾನು. ವರ ಓಡಿಹೋದನೆಂದು ಮೈಕಿನಲ್ಲಿ ಸಾರಿ, ಅದೇ ವರನ ಕೈಯಲ್ಲಿ ಏಟು ತಿಂದು, ಅದೇ ಮಂಟಪದಲ್ಲಿ ಹೊಟ್ಟೆ ತುಂಬ ಹುಗ್ಗಿ ಉಂಡು ಬಂದ ಗಂಡಸು ಈ ಎರಡು ತಾಲೂಕಿನಲ್ಲಿ ಇನ್ನೊಬ್ಬನಿದ್ದರೆ ಕರೆತನ್ನಿ. ಹಾಗಾಗಿ ಸುಳ್ಳೆಂದುಕೊಂಡೇ ಓದಿ, ನನಗೇನೂ ಬೇಜಾರಿಲ್ಲ.

ಓಣಿಯವರೆಲ್ಲ ಅವರನ್ನು ಕುರ್ಚಿ ಅಕ್ಕೋರು ಎನ್ನುತ್ತಿದ್ದರು. ಐವತ್ತು ದಾಟಿದ ಹೆಂಗಸು. ಕನ್ನಡಕಕ್ಕೆ ಕರಿ ದಾರ, ಮಣಿಕಟ್ಟಿನ ಒಳಮಗ್ಗುಲಿಗೆ ತಿರುಗಿಸಿ ಕಟ್ಟಿದ ಗಡಿಯಾರ. ಮೊದಲು ಹುಮನಾಬಾದಿನ ಒಂದು ದವಾಖಾನೆಯಲ್ಲಿ ನರ್ಸ್ ಆಗಿದ್ದರಂತೆ. ಆಮೇಲೆ ಮುದುಕರನ್ನು ಅಳೆಯುವ ಈ ಕೆಲಸಕ್ಕೆ ಸೇರಿದ್ದರು. ವಯಸ್ಸಾದವರ ಮೈಯಿಂದ ಶಕ್ತಿ ಹೇಗೆ ಸೋರುತ್ತದೆ, ಯಾರು ಬೀಳುವ ಹಾದಿಯಲ್ಲಿದ್ದಾರೆ, ಬೀಳುವ ಮೊದಲೇ ಅವರನ್ನು ಹಿಡಿದು ನಿಲ್ಲಿಸಬಹುದೇ ಎಂದು ಹುಡುಕುವ ಸಂಶೋಧನೆ ಅದು. ದೊಡ್ಡ ಡಾಕ್ಟರುಗಳು ಎಲ್ಲೋ ದೂರದಲ್ಲಿ ಕೂತಿದ್ದರು. ನಮ್ಮ ಮನೆಗಳ ಹೊಸ್ತಿಲು ದಾಟುತ್ತಿದ್ದವರು ಅಕ್ಕೋರು ಮತ್ತು ಅವರ ಕುರ್ಚಿ.

"ನಮ್ಮ ಮನೀ ಕುರ್ಚಿ ಏನ್ ಪಾಪ ಮಾಡ್ಯಾದ್ರಿ ಅಕ್ಕೋರೆ?" ಎಂದು ಮೊದಲ ದಿನವೇ ಕೆಣಕಿದೆ.

"ಒಂದ್ ಮನ್ಯಾಗ ಎತ್ತರ, ಇನ್ನೊಂದ್ ಮನ್ಯಾಗ ತಗ್ಗ. ಪ್ಲಾಸ್ಟಿಕ್ಕಿನವು ಕುಂತ್ರ ಬಾಗ್ತಾವ. ನೀವು ಗಟ್ಟಿ ಅದೀರೋ, ಕುರ್ಚಿ ಸಲೀಸ ಅದನೋ, ನನಗ ಹ್ಯಾಂಗ ತಿಳೀಬೇಕ್ರಿ ಕಾಕಾ?"

ಪರೀಕ್ಷೆ ಮೂರು. ಎದೆಯ ಮೇಲೆ ಕೈ ಕಟ್ಟಿಕೊಂಡು ಕುರ್ಚಿಯಿಂದ ಏಳುವುದು, ಕೂರುವುದು. ಕೈಯ ಬಲ ತೋರಿಸುವ ಒಂದು ಕಬ್ಬಿಣದ ಹಿಡಿಯನ್ನು ಬಲವಾಗಿ ಹಿಚುಕುವುದು. ಬಾಗಿಲಿನಿಂದ ಗೋಡೆಯವರೆಗೆ ನಡೆಯುವುದು. ಚಳಿಗಾಲದಲ್ಲಿ ಆ ಹಿಡಿಯನ್ನು ಕೊಡುವ ಮುಂಚೆ ಅಕ್ಕೋರು ತಮ್ಮ ಎರಡೂ ಅಂಗೈ ನಡುವೆ ಹಿಡಿದು ಬೆಚ್ಚಗೆ ಮಾಡುತ್ತಿದ್ದರು. ಯಾರೂ ಕಲಿಸಿದ್ದಲ್ಲ ಅದು.

ನನ್ನ ಸರದಿ ಬಂದಾಗ ನಾನು ಸುಮ್ಮನಿರುವ ಮಗನೇ? ಎರಡು ಸಲ ಎದ್ದೆ, ಕೂತೆ. ಮೂರನೆಯ ಸಲ ಎದೆ ಹಿಡಿದುಕೊಂಡು, ಕಣ್ಣು ಮೇಲೆ ಮಾಡಿ, ನೆಲಕ್ಕುರುಳಿ ಸತ್ತೆ. ನೋಡಲು ಕೂಡಿದ್ದ ಹೆಂಗಸರು ಚೀರಿದರು. ಅಕ್ಕೋರು ಗಡಿಯಾರದಿಂದ ಕಣ್ಣು ತೆಗೆಯಲಿಲ್ಲ.

"ಕಾಕಾ, ಟೈಮ್ ಓಡಾಕತ್ತದ. ಸತ್ತವರನ್ನ ಬರಕೊಳ್ಳೋ ಪುಟ ಬ್ಯಾರೆ ಅದ. ಅದರಾಗ ಬರೀಲೋ, ಏಳ್ತೀರೋ?"

ನಾನು ಎದ್ದೆ. ನನ್ನ ಜನ್ಮದಲ್ಲಿ ನನ್ನ ಹೆಣಕ್ಕೆ ಮರ್ಯಾದೆ ಕೊಡದವರು ಅವರೊಬ್ಬರೇ. ಅವತ್ತಿನಿಂದ ಅವರೆಂದರೆ ನನಗೆ ಪ್ರೀತಿ.

ಅವರ ಬಾಯಿಂದ ಶಾಭಾಶ್ ಎಂಬ ಮಾತು ಬರುತ್ತಿರಲಿಲ್ಲ. ಮುದುಕಿಯರು ನಡೆದು ಮುಗಿಸಿ, ಸೆರಗು ಸರಿ ಮಾಡಿಕೊಂಡು, "ಎಷ್ಟ ಮಾರ್ಕ್ಸ್ ಬಿದ್ವರಿ?" ಎಂದು ಕೇಳುತ್ತಿದ್ದರು.

"ಮಾರ್ಕ್ಸ್ ಅಲ್ರಿ ಅಮ್ಮಾ, ಅಳತಿ. ಜಂಪರ್ ಅಳತಿ ಕೊಡುವಾಗ ಹೊಟ್ಟಿ ಒಳಗ ಎಳಕೊಂಡ್ರ ಆಮ್ಯಾಲ ಹುಕ್ಕ ಹತ್ತತಾವೇನು? ಇದ್ದಂಗ ಇರ್ರಿ."

ಮುದುಕಿಯರು ನಗುತ್ತಿದ್ದರು. ಆದರೆ ಯಾರೂ ಇದ್ದಂತೆ ಇರಲಿಲ್ಲ. ಆ ಮಾತಿಗೆ ಈಗ ಬರುತ್ತೇನೆ.

ನನ್ನ ಅಣ್ಣನ ಹೆಂಡತಿ, ನನ್ನ ವೈನಿ, ನಮ್ಮ ಮನೆಯ ಹಿರಿಯಳು. ಅಣ್ಣ ಹೋದ, ನನ್ನ ಹೆಂಡತಿಯೂ ಹೋದಳು. ವೈನಿ, ಅವಳ ಮಗ, ಸೊಸೆ, ನಾನು ಒಂದೇ ಒಲೆಯ ಊಟ. ಅವಳು ಮದುವೆಯಾಗಿ ಬಂದಾಗ ನಾನಿನ್ನೂ ಚಡ್ಡಿ ಹಾಕುವ ಹುಡುಗ. ಅವಳ ಅಡಿಕೆ ಚೀಲದಲ್ಲಿ ಹುಣಸೆಬೀಜ ಹಾಕುವುದರಿಂದ ಶುರುವಾದ ನನ್ನ ಚೇಷ್ಟೆ ಎಪ್ಪತ್ತು ದಾಟಿದರೂ ನಿಂತಿರಲಿಲ್ಲ. ಅವಳು ನನ್ನನ್ನು ಹೆಸರು ಹಿಡಿದು ಕರೆದದ್ದು ಕಡಿಮೆ, ಖೋಡಿ ಎಂದದ್ದೇ ಹೆಚ್ಚು.

ವೈನಿಯ ಮೊಳಕಾಲು ಹೋಗಿ ವರ್ಷಗಳಾಗಿದ್ದವು. ಗೋಡೆ ಹಿಡಿಯದೆ ಬಚ್ಚಲಿಗೆ ಹೋಗುತ್ತಿರಲಿಲ್ಲ. ಅಕ್ಕೋರು ನಾಳೆ ಬರುತ್ತಾರೆ ಎಂದು ಗೊತ್ತಾದ ಸಂಜೆ ನನ್ನನ್ನು ಮೆಲ್ಲಗೆ ಕರೆದಳು. "ಖೋಡಿ, ಮೆಡಿಕಲ್ ಶಾಪಿಗಿ ಹೋಗಿ ಬ್ಯಾನಿ ಗುಳಿಗಿ ತಾ. ಜೋರಂದು ತಾ." ತಂದುಕೊಟ್ಟೆ. ಬೆಳಗ್ಗೆ ನೋಡಿದರೆ ತಲೆಗೆ ಎರೆದುಕೊಂಡು, ಟ್ರಂಕಿನಿಂದ ತೆಗೆದ ಸೀರೆ ಉಟ್ಟು, ಸೀರೆಯೊಳಗೆ ಎರಡೂ ಮೊಳಕಾಲಿಗೆ ಬಟ್ಟೆ ಬಿಗಿದು ಕೂತಿದ್ದಾಳೆ. ಅಕ್ಕೋರು ನಡೆಯಿರಿ ಎಂದರು. ವೈನಿ ಬಾಗಿಲಿನಿಂದ ಗೋಡೆಯವರೆಗೆ ಹೋದಳು ನೋಡಿ, ಕೊಡ ತುಂಬ ನೀರು ತಲೆ ಮೇಲಿದ್ದರೂ ತುಳುಕುತ್ತಿರಲಿಲ್ಲ. ನಾನು ಬೆರಗಾದೆ. ಇಷ್ಟು ವರ್ಷ ಊರಿಗೆಲ್ಲ ಟೋಪಿ ಹಾಕಿದವನು ನಾನು. ನನಗಿಂತ ದೊಡ್ಡ ಕಲಾವಿದೆ ನಮ್ಮ ಅಡುಗೆಮನೆಯಲ್ಲೇ ಇದ್ದಳು.

ಅಳತೆಯಲ್ಲಿ ಶಕ್ತಿ ಸೋತವರೆಂದು ಕಂಡವರ ಮನೆಗೆ ವಾರವಾರ ಒಬ್ಬರು ಬಂದು ಏಳುವ, ಕೂರುವ, ಕಾಲು ಗಟ್ಟಿ ಮಾಡುವ ಕಸರತ್ತು ಕಲಿಸುವುದು, ಊಟದಲ್ಲಿ ಏನು ಹೆಚ್ಚಾಗಬೇಕೆಂದು ನೋಡುವುದು, ಬಚ್ಚಲಿಗೆ ಹಿಡಿಕೆ ಹಾಕಿಸುವುದು, ಇದು ಸಂಶೋಧನೆಯ ಏರ್ಪಾಡು. ಗಟ್ಟಿ ಇದ್ದವರಿಗೆ ಕೈಮುಗಿದು, ಬರುವ ವರ್ಷ ಮತ್ತೆ ಬರುತ್ತೇವೆ ಎನ್ನುವುದು. ವೈನಿ ಗಟ್ಟಿ ಎಂದು ಅಕ್ಕೋರು ಬರೆದುಕೊಂಡರು. "ನಾ ಪಾಸಾದೆ" ಎಂದು ಓಣಿಗೆಲ್ಲ ಹೇಳಿದಳು. ಆಮೇಲೆ ಎರಡು ದಿನ ಹಾಸಿಗೆ ಬಿಟ್ಟು ಏಳಲಿಲ್ಲ.

ಶ್ರಾವಣದಲ್ಲಿ ಬಚ್ಚಲಿನಲ್ಲಿ ಬಿದ್ದಳು. ತೊಡೆಯ ಬುಡದ ಚಪ್ಪೆಯ ಎಲುಬು ಮುರಿಯಿತು. ದೊಡ್ಡ ದವಾಖಾನೆಗೆ ಒಯ್ದೆವು, ಸಲಾಕೆ ಹಾಕಿದರು, ಮನೆಗೆ ತಂದೆವು. ಎತ್ತಿದರೆ ಕೂರುವಳು, ಬಿಟ್ಟರೆ ಮಲಗುವಳು.

ನಾನು ಅಕ್ಕೋರಿಗೆ ಫೋನ್ ಮಾಡಿದೆ.

"ಏನ್ ಕಾಕಾ, ಇವತ್ತ ಯಾರನ್ನ ಸಾಯಿಸೀರಿ?" ಎಂದು ನಕ್ಕರು.

"ಅಕ್ಕೋರೆ, ವೈನಿ ಬಿದ್ದಾಳ."

"ಮತ್ತ ನಿಮ್ದು ಶುರುವಾಯ್ತು."

ನನಗೆ ಮುಂದೆ ಮಾತು ಬರಲಿಲ್ಲ. ಮೈಕ್ ಮುಂದೆ ಗಂಟೆಗಟ್ಟಲೆ ಒದರಿದ ಗಂಟಲು. ಇದು ಸುಳ್ಳಲ್ಲವೆಂದು ಅದರಿಂದಲೇ ಅವರಿಗೆ ತಿಳಿಯಿತು. ಮಾರನೆಯ ಬೆಳಗ್ಗೆ ಬಂದರು. ಕುರ್ಚಿಯನ್ನು ಅಂಗಳದಲ್ಲೇ ಬಿಟ್ಟು ಒಳಗೆ ಬಂದು, ಮಂಚದ ಪಕ್ಕ ನೆಲದ ಮೇಲೆ ಕೂತರು.

"ಅಮ್ಮಾ, ಆವತ್ತ ಅಷ್ಟ ನೆಟ್ಟಗ ಹ್ಯಾಂಗ ನಡದ್ರಿ?"

ವೈನಿ ನಾಚಿಕೊಂಡಳು. "ರಾಜೇಶ್ವರದಾಗ ನಮ್ಮಪ್ಪನ ಮನ್ಯಾಗ ನನ್ನ ನೋಡಾಕ ಗಂಡಿನವರು ಬಂದಿದ್ರವ್ವಾ. ನೀವು ನಡಸಿದಂಗೇ ನಡಸಿದ್ರು, ಬಾಗಿಲದಿಂದ ಗ್ವಾಡಿತನ. ಅಂಗಾಲಾಗ ಮುಳ್ಳ ನಟ್ಟು ಕೀವ ಆಗಿತ್ತ. ನಮ್ಮವ್ವ ಕಿವ್ಯಾಗ ಹೇಳಿದ್ಳು, ಕುಂಟಿದಿ ಅಂದ್ರ ಇಲ್ಲೇ ಉಳೀತಿ ನೋಡ ಅಂತ. ನೆಟ್ಟಗ ನಡದೆ. ಹೊರಗಿನ ಮಂದಿ ಬಂದು ನಡಿ ಅಂದ್ರ ಮತ್ತ ಹ್ಯಾಂಗ ನಡೀಬೇಕವ್ವಾ?"

ಅಕ್ಕೋರು ವೈನಿಯ ಹೊದಿಕೆ ಸರಿಮಾಡಿದರು. ಆಮೇಲೆ, "ನನ್ನೂ ಹಂಗೇ ನಡಸಿದ್ರು ಅಮ್ಮಾ," ಎಂದರು. "ಮರತೇ ಬಿಟ್ಟಿದ್ದೆ."

ಮುಂದಿನ ಸಂತೆಯ ದಿನ ಅವರು ಯಾರಿಗೂ ಹೇಳದೆ ಬಂದು ಕಿರಾಣಿ ಅಂಗಡಿಯ ಕಟ್ಟೆಯ ಮೇಲೆ ಕೂತರು. ಕುರ್ಚಿ ಇಲ್ಲ, ಹಿಡಿ ಇಲ್ಲ. ಸುಮ್ಮನೆ ನೋಡಿದರು. ತಮ್ಮ ಮುಂದೆ ನೆಟ್ಟಗೆ ನಡೆದಿದ್ದ ಹೆಂಗಸರು ಕಟ್ಟೆಯಿಂದ ಕಟ್ಟೆಗೆ ಕೈಯೂರಿಕೊಂಡು ಹೋಗುತ್ತಿದ್ದರು. ಒಬ್ಬಾಕೆ ಮೊಮ್ಮಗಳ ಹೆಗಲು ಹಿಡಿದಿದ್ದಳು. ಇನ್ನೊಬ್ಬಾಕೆ ನಾಲ್ಕು ಮನೆ ದಾಟಿ ಉಸಿರಿಗೆ ನಿಂತಳು. ಓಣಿಯ ಮುದುಕಿಯರೆಲ್ಲ ಅಕ್ಕೋರ ಮುಂದೆ ಮದುವೆಯ ಹುಡುಗಿಯರಾಗಿ ನಡೆದಿದ್ದರು.

ಆ ಮಧ್ಯಾಹ್ನ ನಮ್ಮ ಮನೆಯಲ್ಲಿ ಚಹಾ ಕುಡಿಯುತ್ತ ಹೇಳಿದರು. "ಆಫೀಸಿಗಿ ಹೇಳ್ತೀನಿ ಕಾಕಾ. ಈ ಓಣಿದು, ಅತ್ತ ಘಾಟಬೋರಾಳ ಹಳ್ಳೀದು, ನಾ ತಗೊಂಡ ಹೆಣ್ಮಕ್ಕಳ ಅಳತಿ ಎಲ್ಲಾ ತೆಗದ ಹಾಕ್ರಿ ಅಂತ."

"ಹಂಗಂದ್ರ ನಿಮ್ಮ ಕೆಲಸ?"

"ಹೋಗಬಹುದು."

"ಹುಚ್ಚ ಹಿಡದದೇನ್ರಿ? ಯಾರಿಗಿ ಗೊತ್ತಾಗ್ತದ? ಇಂಥ ಸುಳ್ಳಿಗಿ ನಾ ಗ್ಯಾರಂಟಿ ಕೊಡ್ತೀನಿ. ನನ್ನಂಥ ಉಸ್ತಾದ ಹೇಳಾಕತ್ತೀನಿ ಕೇಳ್ರಿ."

ಅವರು ಬಟ್ಟಲು ಕೆಳಗಿಟ್ಟರು. "ನೀವು ಸುಳ್ಳ ಹೇಳಿದ್ರ ಮಂದಿ ನಗ್ತಾರ್ರಿ ಕಾಕಾ. ನಾ ಸುಳ್ಳ ಬರದ್ರ ಮುದುಕ್ಯಾರು ಬೀಳ್ತಾರ. ಈ ಕಡಿ ಹೆಣ್ಮಕ್ಕಳು ಗಟ್ಟಿ ಅದಾರ ಅಂತ ಒಮ್ಮೆ ಕಾಗದದಾಗ ಹೋತಂದ್ರ, ಮತ್ತ ಇವರ ಬಾಗಿಲಿಗಿ ಯಾರ ಬರ್ತಾರ?"

ನಾನು ಖಾಲಿ ಬಟ್ಟಲು ಎತ್ತಿಕೊಂಡು ಅಡುಗೆಮನೆಯ ಕಡೆ ನಡೆದೆ. ಉಸ್ತಾದ ಸೋತದ್ದು ಕಂಡು ಮಂಚದ ಮೇಲಿಂದ ವೈನಿ ನಕ್ಕಳು.

ಹೇಳಿದಂತೆಯೇ ಮಾಡಿದರು. ಮೇಲಿನವರು ಅವರ ಮಾತನ್ನು ಒಪ್ಪಿಕೊಂಡರು, ಆದರೆ ಅವರನ್ನು ಉಳಿಸಿಕೊಳ್ಳಲಿಲ್ಲ. ಅಳೆಯಲು ಬರದವರು ಎಂದರಂತೆ. ದೀಪಾವಳಿಗೆ ಅವರ ಕೆಲಸ ಮುಗಿಯಿತು. ಆಮೇಲೆ ಬೇರೆ ಇಬ್ಬರು ಬಂದರು, ಹಿಂದಿನ ದಿನ ತಿಳಿಸದೆ, ರೊಟ್ಟಿ ಬಡಿಯುವ ಹೊತ್ತಿಗೆ; ಮುದುಕಿಯರನ್ನು ಉಟ್ಟ ಸೀರೆಯಲ್ಲೇ ಅಳೆದರು. ಓಣಿಯ ಅರ್ಧಕ್ಕರ್ಧ ಮುದುಕಿಯರು ಸೋತವರ ಪಟ್ಟಿಗೆ ಬಂದರು. ಅವರ ಮನೆಗಳಿಗೆ ಈಗ ವಾರವಾರ ಕಸರತ್ತು ಕಲಿಸುವವರು ಬರುತ್ತಾರೆ, ಬಚ್ಚಲುಗಳಿಗೆ ಹಿಡಿಕೆಗಳು ಬಂದಿವೆ. ಅವು ಯಾರಿಂದ ಬಂದವು ಎಂದು ಆ ಮುದುಕಿಯರಿಗೆ ಗೊತ್ತಿಲ್ಲ. ಹಳೇ ಅಕ್ಕೋರು ಛಲೋ ಇದ್ದರು, ಎಲ್ಲರನ್ನೂ ಪಾಸ್ ಮಾಡುತ್ತಿದ್ದರು ಎಂದೇ ಇವತ್ತಿಗೂ ಹೇಳುತ್ತಾರೆ.

ವೈನಿ ಮಾತ್ರ ಯಾವ ಪಟ್ಟಿಗೂ ಬರಲಿಲ್ಲ. ಎಲುಬು ಮುರಿದವರು ಆ ಸಂಶೋಧನೆಯ ಲೆಕ್ಕಕ್ಕೆ ಸೇರುವುದಿಲ್ಲವಂತೆ.

ಅಕ್ಕೋರು ರವಿವಾರ ರವಿವಾರ ಬರತೊಡಗಿದರು. ಕುರ್ಚಿ ಅವರೇ ಬಡಗಿಗೆ ಹೇಳಿ ಮಾಡಿಸಿದ್ದು, ಅದೂ ಜೊತೆಗೆ ಬರುತ್ತಿತ್ತು. ಇಷ್ಟು ದೂರ ಬರುವುದು ಬೇಡವೆಂದು ನಾನು ಹೇಳಿದರೆ, "ನಿಮ್ಮನ್ನ ನೋಡಾಕ ಬರಂಗಿಲ್ಲ ಬಿಡ್ರಿ, ಅಮ್ಮನ ಕೂಡ ನನ್ನ ಕೆಲಸ ಅದ," ಎನ್ನುತ್ತಿದ್ದರು. ಮೊದಲು ಮಂಚದ ಅಂಚಿನಲ್ಲಿ ಕೂರಿಸುವುದು. ಆಮೇಲೆ ಹಿಮ್ಮಡಿ ಎತ್ತಿಸುವುದು. ಸೊಸೆಗೆ ಹೇಳಿ ಶೇಂಗಾ ಕುಟ್ಟಿಸಿ ಹಾಲಿನಲ್ಲಿ ಕೊಡಿಸುವುದು. ನಾನು ಲೋಟವನ್ನು ಮೈಕ್ ಮಾಡಿಕೊಂಡು ಒದರುತ್ತಿದ್ದೆ. "ರಾಜೇಶ್ವರದ ಸುಪ್ರಸಿದ್ಧ ಪೈಲ್ವಾನ್ರು ಈಗ ಬಲಗಾಲ ಎತ್ತಾಕತ್ತಾರ, ಮಹಾಜನಗಳು ಜಾಗಾ ಬಿಡಬೇಕು." ವೈನಿ ನಕ್ಕರೆ ಕಾಲು ಇನ್ನೂ ಒಂದಿಷ್ಟು ಮೇಲೆ ಹೋಗುತ್ತಿತ್ತು. ಅದನ್ನು ಅಕ್ಕೋರು ನೋಡಿದರು. "ಕಾಕಾ, ಇನ್ನ ಜರಾ ಒದರ್ರಿ."

ಚಳಿ ಬಿದ್ದ ಮೇಲಿನ ಒಂದು ರವಿವಾರ, ಅಕ್ಕೋರು, ನಾನು ಇಬ್ಬರೂ ಸೇರಿ ವೈನಿಯನ್ನು ಆ ಕುರ್ಚಿಯ ಮೇಲೆ ಕೂರಿಸಿದೆವು. ಅವಳು ಎದೆಯ ಮೇಲೆ ಕೈ ಕಟ್ಟಿದಳು. ನಾನು ಲೋಟ ಕೆಳಗಿಟ್ಟೆ. ವೈನಿ ಮುಂದೆ ಬಾಗಿದಳು, ಎದ್ದಳು, ಯಾರ ಕೈಯನ್ನೂ ಹಿಡಿಯದೆ ನೆಟ್ಟಗೆ ನಿಂತು ನನ್ನ ಕಡೆ ನೋಡಿದಳು.

ಸಂಕ್ರಮಣದ ಮುಂಚೆ ಎದೆಯಲ್ಲಿ ಕಫ ಕಟ್ಟಿ ಹೋದಳು. ಅಕ್ಕೋರು ಮಣ್ಣಿಗೆ ಬಂದಿದ್ದರು. ಅಂಗಳದಲ್ಲಿ ಹೆಂಗಸರ ನಡುವೆ ನೆಲದ ಮೇಲೆ ಕೂತು, ಎಲ್ಲರ ಜೊತೆ ಅತ್ತು, ಕತ್ತಲಾಗುವ ಮುಂಚೆ ಹುಮನಾಬಾದಿಗೆ ಹೋದರು. ಈಗ ಅಲ್ಲಿ ಒಂದು ಮನೆಯಲ್ಲಿ ಹಾಸಿಗೆ ಹಿಡಿದ ಹಿರಿಯರೊಬ್ಬರನ್ನು ನೋಡಿಕೊಳ್ಳುತ್ತಾರೆ ಎಂದು ಕೇಳಿದ್ದೇನೆ.

ನಾನು ಯಾವ ಕಥೆ ಹೇಳಿದರೂ ಒಂದಿಷ್ಟು ಸೇರಿಸದೆ ಬಿಟ್ಟವನಲ್ಲ, ಸೇರಿಸಿದ್ದನ್ನು ಹಿಂದಕ್ಕೆ ತೆಗೆದವನೂ ಅಲ್ಲ. ಆದರೆ ಇದು ಅಕ್ಕೋರ ಕಥೆ, ಅವರ ಕಣ್ಣಿಗೆ ಬಿದ್ದೀತು. ಆದ್ದರಿಂದ ಹೇಳಿಬಿಡುತ್ತೇನೆ. ಇದರಲ್ಲಿ ನಾನು ಕಟ್ಟಿದ್ದು ಒಂದೇ. ಆ ರವಿವಾರ ವೈನಿ ಎದ್ದು ನಿಲ್ಲಲಿಲ್ಲ. ಕೈ ಕಟ್ಟಿದಳು, ಮುಂದೆ ಬಾಗಿದಳು, ಕುರ್ಚಿಯಿಂದ ಒಂದು ಬೆರಳಷ್ಟು ಮೇಲೆ ಬಂದು ಹಾಗೇ ಕುಸಿದಳು. ಅಕ್ಕೋರು ಗಡಿಯಾರ ನೋಡಲಿಲ್ಲ. ಅವಳ ಪಾದ ತಮ್ಮ ತೊಡೆಯ ಮೇಲಿಟ್ಟುಕೊಂಡು, "ನೋವ ಆಗಾಕತ್ತದೇನ್ರಿ ಅಮ್ಮಾ?" ಎಂದು ಕೇಳಿದರು. ವೈನಿ ನಾನು ಕಂಡಂತೆ ಮೊದಲ ಸಲ ಹೇಳಿದಳು.

"ಹೌದವ್ವಾ. ಭಾಳ ಆಗಾಕತ್ತದ."