ದಂಡದ ದುಡ್ಡಿನ ಸ್ಟೀಲ್ ಡಬ್ಬಿ

ನನ್ನ ಅತ್ತಿಗೆ ನಾಗವೇಣಿ ಹೋದ ವರ್ಷ ಹಿರೇಗುತ್ತಿಯ ಹದಿಮೂರು ಹೆಂಗಸರಿಗೆ ಒಂದೊಂದು ಸ್ಟೀಲ್ ಡಬ್ಬಿ ಕೊಡಿಸಿದಳು. ಅವಳಿಗೇ ಗೊತ್ತಿಲ್ಲದೆ.

ಹೇಗೆ ಅಂತೀರಾ? ಅವರ ಸ್ವಸಹಾಯ ಸಂಘದ ಮೀಟಿಂಗ್ ಪ್ರತಿ ಭಾನುವಾರ ನಾಲ್ಕು ಗಂಟೆಗೆ, ಅಂಗನವಾಡಿಯ ಜಗಲಿಯಲ್ಲಿ. ತಡವಾಗಿ ಬಂದವರಿಗೆ ಇಪ್ಪತ್ತು ರೂಪಾಯಿ ದಂಡ. ಅತ್ತಿಗೆ ಟೈಲರ್. ಹೊಲಿದ ಬ್ಲೌಸುಗಳನ್ನು ದಾರಿಯ ಮನೆಗಳಿಗೆ ಕೊಡುತ್ತಾ, ಕರೆದಲ್ಲೆಲ್ಲ ಚಾ ಕುಡಿಯುತ್ತಾ (ಬೇಡ ಎನ್ನಲು ಅವಳಿಗೆ ಬರುವುದೇ ಇಲ್ಲ) ಬರುವ ಹೊತ್ತಿಗೆ ಉಳಿದವರೆಲ್ಲ ಬಂದು ಕೂತಾಗಿರುತ್ತದೆ. ಇಪ್ಪತ್ತು ರೂಪಾಯಿ ತೆಗೆದುಕೊಟ್ಟು, ನಗುತ್ತಾ ಚಾಪೆಯ ತುದಿಯಲ್ಲಿ ಕೂರುತ್ತಾಳೆ.

ಇಪ್ಪತ್ತು ರೂಪಾಯಿ ಹೋದರೆ ಯಾರಾದರೂ ಅಳುತ್ತಾರೆಯೇ? ಸಣ್ಣ ಫೀಗಳ ಗುಟ್ಟೇ ಅದು. ಕುಮಟಾದಲ್ಲಿ ಕೂತು ಮೊಬೈಲಿನಲ್ಲಿ ಬಸ್ ಟಿಕೆಟ್ ತೆಗೆಯುವಾಗ ನಾನೂ ಕನ್ವೀನಿಯನ್ಸ್ ಫೀ ಅಂತ ಕೊಡುತ್ತೇನೆ. (ಯಾರ ಕನ್ವೀನಿಯನ್ಸು? ಕೇಳಬೇಡಿ.) ನಮಗದು ಚಿಲ್ಲರೆ. ಕೂಡಿಸುವವರಿಗೆ ವರ್ಷದ ಫಸಲು.

ಸಂಘದ ಫಸಲೂ ಕೈಗೆ ಬಂತು. ದಂಡದ ದುಡ್ಡು ಸಾವಿರ ದಾಟಿತ್ತು. ಡಬ್ಬಿ ಹಂಚುತ್ತಾ ಅಧ್ಯಕ್ಷೆ ಸುಶೀಲಕ್ಕ, “ಎಲ್ಲಾ ನಮ್ಮ ನಾಗವೇಣಿ ಪುಣ್ಯ” ಅಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಅತ್ತಿಗೆಯೂ ತಟ್ಟಿದಳಂತೆ. ಮನೆಗೆ ಬಂದ ಮೇಲೆ ಮಾತ್ರ, ಊರಿಗೆ ಹೋಗಿದ್ದ ನನ್ನೆದುರು, “ಸಂಘವೇ ಬೇಡ ತಮಾ. ಎಲ್ಲರ ಎದುರು ಮರ್ಯಾದೆ ಹೋಯ್ತು” ಎಂದು ಕಣ್ಣೊರೆಸಿಕೊಂಡಳು. ನನಗೆ ಸಂಕಟವಾಯಿತು. ಇಷ್ಟು ಒಳ್ಳೆಯವಳನ್ನು ಹೀಗೆ ನಗೆಪಾಟಲು ಮಾಡುವುದೇ?

“ಬಿಡುದು ಎಂತಕ್ಕೆ ಅತ್ತಿಗೆ? ಒಂದು ವಾರ ನಾಲ್ಕಕ್ಕೇ ಹೋಗಿ ನೋಡು” ಅಂದೆ.

ಹೋದಳು. ಜಗಲಿಯಲ್ಲಿ ಒಂದು ನರಪಿಳ್ಳೆಯೂ ಇಲ್ಲ. ಗಂಟೆ ನೋಡಲು ಮೊಬೈಲ್ ಎದುರಿಗಿಟ್ಟುಕೊಂಡು ಕೂತಳು. ನಾಲ್ಕೂಕಾಲು ಕಳೆದ ಮೇಲೆ ಒಬ್ಬೊಬ್ಬರೇ ಬರತೊಡಗಿದರು. ಇಷ್ಟು ದಿನ ಎಲ್ಲರೂ ತಡವಾಗಿಯೇ ಬರುತ್ತಿದ್ದರು. ದಂಡ ಮಾತ್ರ ಕೊನೆಗೆ ಬಂದವಳಿಗೆ.

“ಎಂತದೇ, ಇವತ್ತು ಇಷ್ಟು ಬೇಗ?” ಸುಶೀಲಕ್ಕ ಕೇಳಿದರು.

“ಬೇಗ ಎಂತದೂ ಅಲ್ಲ ಅಕ್ಕ. ನಾಲ್ಕಕ್ಕೇ ಬಂದದ್ದು. ಎಲ್ಲರೂ ಇಪ್ಪತ್ತು ರೂಪಾಯಿ ತೆಗೀರಿ.”

ಎಲ್ಲರೂ ಮುಖ ಮುಖ ನೋಡಿಕೊಂಡರು. ನಿಯಮ ಅವರದ್ದೇ. ತೆತ್ತರು. ಮುಂದಿನ ವಾರವೂ ತೆತ್ತರು. (ಭಾನುವಾರದ ಮೀನಿನ ಊಟ ಮುಗಿಸಿ, ಪಾತ್ರೆ ತೊಳೆದು, ಒಂದು ನಿದ್ದೆ ತೆಗೆದು ನಾಲ್ಕಕ್ಕೆ ಬರುವುದು ಯಾರಿಂದ ಸಾಧ್ಯ, ಹೇಳಿ?)

ಮೊನ್ನೆ ಸುಶೀಲಕ್ಕ ಬ್ಲೌಸ್ ಅಳತೆಯ ನೆಪ ಮಾಡಿಕೊಂಡು ಅತ್ತಿಗೆಯ ಮನೆಗೇ ಬಂದರು. ನಾನೂ ಅಲ್ಲೇ ಇದ್ದೆ. ಸ್ವಲ್ಪ ಹೊತ್ತು ಅದೂ ಇದೂ ಮಾತಾಡಿ ಕೊನೆಗೆ ಬಾಯಿಬಿಟ್ಟರು. “ನಾಗವೇಣಿ, ನೀ ಮೊದಲಿನ ಹಾಂಗೇ ತಡ ಮಾಡಿ ಬಾ ಮಾರಾಯ್ತಿ. ನಿನ್ನ ದಂಡ ನಾವೇ ಕೂಡಿ ಕೊಡ್ತೇವೆ.”

ಅತ್ತಿಗೆ ಹೊಲಿಗೆ ಮಿಷನ್ ನಿಲ್ಲಿಸಿ ನೆಟ್ಟಗೆ ಕೂತಳು. ಇನ್ನೊಬ್ಬರಿಗೆ ಬೇಡ ಎನ್ನಲಾರದ ನನ್ನ ಅತ್ತಿಗೆ.

“ಆತು ಅಕ್ಕ. ಆದ್ರೆ ತಡ ಮಾಡೂಕೆ ನನ್ನ ಚಾರ್ಜ್ ಬೇರೆ.”